ಮುದ್ದೆನ ಯಾರಾದ್ರೂ ಅಗೀತಾರಾ? ಹೊಟ್ಟೆ ಆಪರೇಷನ್ ಆದ ಒಬ್ರ ಊಟದ ಪ್ರಕರಣ

ಮೊದ್ಲೇ ಹೇಳ್ಬಿಡ್ತೀನಿ, ಇದನ್ನ ಸಕ್ಸಸ್ ಸ್ಟೋರಿ ಅಂತ ಬರೀತಿಲ್ಲ. ಕೊನೆಗೆ ಎಲ್ಲಾ ಒಂದು ಹದಕ್ಕೆ ಬಂತು ನಿಜ, ಆದ್ರೆ ಮಧ್ಯದಲ್ಲಿ ಮೂರು ವಾರ ಒಬ್ರ ಕಾಲಿನ ನರ ಸೊರಗ್ತಾ ಇದ್ದಾಗ ನಾನು ಫೋನಲ್ಲಿ "ಸೂಪರ್ ಅಣ್ಣ, ಹೀಗೇ ಮುಂದುವರಿಸಿ" ಅಂತ ಹೇಳಿದ್ದೆ. ಅದಕ್ಕೇ ಬರೀತಿರೋದು.

ನಾನು ಮೈಸೂರು ಕಡೆ ಒಂದು ಆಸ್ಪತ್ರೆಲಿ ಡಯಟೀಷಿಯನ್, ತೂಕ ಇಳಿಸೋ ಆಪರೇಷನ್ ಮಾಡಿಸ್ಕೊಂಡವ್ರ ಊಟ ತಿಂಡಿ ನೋಡ್ಕೊಳ್ಳೋದು ನನ್ನ ಕೆಲಸ. ಪೇಷೆಂಟ್‌ನ ಇಲ್ಲಿ ಅಣ್ಣಯ್ಯ ಅಂತ ಕರೀತೀನಿ, ಅದು ಅವರ ಹೆಸರಲ್ಲ, ವಯಸ್ಸು ತಾರೀಖು ಎಲ್ಲಾ ಅಲ್ಲಲ್ಲಿ ಬದಲಾಯಿಸಿದ್ದೀನಿ, ಅವರ ಮನೆಯವ್ರ ಒಪ್ಪಿಗೆ ತಗೊಂಡಿದ್ದೀನಿ. ಅವ್ರಿಗೆ ಆಲೆಮನೆ ಇದೆ ಅನ್ನೋದನ್ನ ಮಾತ್ರ ಬದಲಾಯಿಸಿಲ್ಲ, ಅದಿಲ್ದೆ ಕಥೆ ಅರ್ಧ ಅರ್ಥಾನೇ ಆಗಲ್ಲ, ಮಂಡ್ಯ ಜಿಲ್ಲೆಲಿ ಆಲೆಮನೆಗೇನು ಬರ ಇಲ್ವಲ್ಲ.

ಹಿನ್ನೆಲೆ

43 ವರ್ಷ, ಎತ್ತರ 168 ಸೆಂ.ಮೀ., ತೂಕ 126 ಕೆಜಿ, ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಅಳೆಯೋ ಲೆಕ್ಕ) 44 ದಾಟಿತ್ತು. 9 ವರ್ಷದಿಂದ ಶುಗರ್, ದಿನಕ್ಕೆ ಎರಡು ಸಲ ಇನ್ಸುಲಿನ್, ಆದ್ರೂ ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ 9.4. ಬಿಪಿ ಮಾತ್ರೆ, ಮಂಡಿ ನೋವು, ರಾತ್ರಿ ನಿದ್ದೆಲಿ ಉಸಿರು ನಿಂತು ನಿಂತು ಬರೋ ಸ್ಲೀಪ್ ಆಪ್ನಿಯಾ. ಅವರ ಹೆಂಡತಿ ಹೇಳಿದ್ದು, "ಗೊರಕೆ ಬಂದ್ರೆ ನಂಗೆ ನಿದ್ದೆ ಇಲ್ಲ ಮೇಡಂ, ನಿಂತ್ರೆ ಇನ್ನೂ ನಿದ್ದೆ ಇಲ್ಲ". ವಾಕಿಂಗು, ರಾತ್ರಿ ಚಪಾತಿ, ಯಾವುದೋ ಪೌಡರು, ಎಲ್ಲಾ ಮಾಡಿ 11 ಕೆಜಿ ಇಳಿಸಿ 14 ಕೆಜಿ ವಾಪಸ್ ತಂದ್ಕೊಂಡಿದ್ರು. ಏಷ್ಯಾದವ್ರಿಗೆ ಈ ಆಪರೇಷನ್ ಯೋಚನೆ ಮಾಡೋ ಗಡಿ ಕಮ್ಮಿ ಇದೆ, 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಲಿ ಬಿಎಂಐ 27.5ರಿಂದಲೇ ಆ ಮಾತು ಬರುತ್ತೆ, ಹಾಗಾಗಿ ಇವ್ರಿಗೆ ಬೇಕಾ ಬೇಡ್ವಾ ಅನ್ನೋ ಚರ್ಚೆ ಏನೂ ಇರ್ಲಿಲ್ಲ.

ಮಾಡಿದ್ದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಅಂದ್ರೆ ಹೊಟ್ಟೆಯ ಚೀಲದಲ್ಲಿ ಮುಕ್ಕಾಲು ಭಾಗ, ಕೆಲವು ಸಲ ಅದಕ್ಕಿಂತ ಸ್ವಲ್ಪ ಜಾಸ್ತಿ, ಉದ್ದಕ್ಕೆ ಸ್ಟೇಪಲ್ ಹಾಕಿ ಕತ್ತರಿಸಿ ತೆಗೆದುಬಿಡ್ತಾರೆ, ಉಳಿಯೋದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ, 100ರಿಂದ 150 ಎಂಎಲ್ ಹಿಡಿಯೋಷ್ಟು. ಒಂದು ಚಿಕ್ಕ ಟೀ ಲೋಟ ಅಂದ್ಕೊಳ್ಳಿ. ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚಾಗಿ ಹುಟ್ಟೋ ಜಾಗಾನೂ ತೆಗೆದ ಭಾಗದಲ್ಲೇ ಹೋಗುತ್ತೆ, ಹಾಗಾಗಿ ಮೊದಲ ಕೆಲವು ತಿಂಗಳು ಹಸಿವೇ ಅಷ್ಟಾಗಿ ಆಗಲ್ಲ.

ಆಪರೇಷನ್ ಮುಂಚೆ ನಾನು ಕೇಳೋ ಮಾಮೂಲಿ ಪ್ರಶ್ನೆ, ನಿನ್ನೆ ಬೆಳಗ್ಗೆಯಿಂದ ರಾತ್ರಿ ತನಕ ಏನೇನು ತಿಂದ್ರಿ. ಅವ್ರು ಹೇಳಿದ್ರು, ನಾನು ಬರ್ಕೊಂಡೆ: ಮಧ್ಯಾಹ್ನ ಮುದ್ದೆ ಎರಡು, ಅನ್ನ, ಉಪ್ಸಾರು, ರಾತ್ರಿ ಮುದ್ದೆ ಎರಡು, ಅನ್ನ, ಮಜ್ಜಿಗೆ. ಎಷ್ಟು ದಪ್ಪದ ಮುದ್ದೆ ಅಂತಾನೂ ಕೇಳ್ದೆ, ಕ್ಯಾಲೊರಿ ಲೆಕ್ಕ ಹಾಕ್ದೆ, ಫೈಲಿಗೆ ಸೇರಿಸ್ದೆ. ನಾನು ಹುಟ್ಟಿದ್ದು ಶಿರಸಿ ಕಡೆ, ಅನ್ನ ತಿನ್ನೋರು, ಮುದ್ದೆ ಅನ್ನೋದು ನಂಗೆ ಇವತ್ತಿಗೂ ಹೋಟೆಲಲ್ಲಿ ತರಿಸ್ಕೊಂಡು ನಾಲ್ಕು ತುತ್ತಿಗೆ ಸಾಕಾಗೋ ವಸ್ತು. ಈ ಮಾತು ಸುಮ್ನೆ ಹೇಳ್ತಿಲ್ಲ, ಮುಂದೆ ಬೇಕಾಗುತ್ತೆ.

ಮೊದಲ ತಿಂಗಳು

ಲಿವರ್ ಒಳಗಿನ ಕೊಬ್ಬು ಕರಗಿ ಅದು ಚಿಕ್ಕದಾಗ್ಲಿ ಅಂತ ಆಪರೇಷನ್‌ಗೆ ಎರಡು ವಾರ ಮುಂಚೆ ಕಮ್ಮಿ ಕ್ಯಾಲೊರಿ ಊಟ, ಆಮೇಲೆ ಅಕ್ಟೋಬರ್ ಮೊದಲ ವಾರ ಆಪರೇಷನ್, ಮಾರನೇ ದಿನ ಕಾರಿಡಾರಲ್ಲಿ ಓಡಾಟ, ಕೆಮ್ಮಿನ ಸಿರಪ್ ಬಾಟ್ಲಿ ಮೇಲಿರತ್ತಲ್ಲ ಅಳತೆ ಮುಚ್ಚಳ ಅದ್ರಲ್ಲಿ ಗುಟುಕು ಗುಟುಕಾಗಿ ನೀರು, ನಾಲ್ಕನೇ ದಿನ ಮನೆಗೆ. ಇನ್ಸುಲಿನ್ ಡಿಸ್ಚಾರ್ಜ್ ದಿನವೇ ನಿಂತಿತ್ತು. ಮೊದಲೆರಡು ವಾರ ಬರೀ ನೀರಾಗಿರೋದು, ಸೋಸಿದ ಬೇಳೆಕಟ್ಟು, ತೆಳ್ಳಗಿನ ಮಜ್ಜಿಗೆ, ಹಾಲಿಗೆ ಪ್ರೋಟೀನ್ ಪೌಡರ್, ಸೋಸಿದ ಕಾಲ್ ಸೂಪು. ಮೂರು ನಾಲ್ಕನೇ ವಾರ ಮಿಕ್ಸಿಗೆ ಹಾಕಿದ್ದು. ಐದನೇ ವಾರದಿಂದ "ಮೆತ್ತಗಿನ ಆಹಾರ".

ಈ ಕೊನೇ ಪದ ನೋಡ್ಕೊಳ್ಳಿ. ನಮ್ಮ ಡಯಟ್ ಚೀಟಿ ಇಂಗ್ಲಿಷಲ್ಲಿ ಇದ್ದಿದ್ದನ್ನ ಯಾರೋ ಕನ್ನಡಕ್ಕೆ ಮಾಡಿದ್ದು. ಐದನೇ ವಾರದ ಕೆಳಗೆ ಇಡ್ಲಿ, ಬೇಯಿಸಿದ ಮೊಟ್ಟೆ, ಮೆತ್ತಗೆ ಬೆಂದ ಅನ್ನ, ಪನೀರ್ ಪುಡಿ "ಇತ್ಯಾದಿ" ಅಂತಿತ್ತು. ಚೆನ್ನಾಗಿ ಅಗಿದು ತಿನ್ನಿ ಅನ್ನೋದು ಎಲ್ಲಾದ್ರ ಕೆಳಗೆ ಒಂದು ಸಾಲು.

ಆ ಮನೇಲಿ ಅಡುಗೆ ಅಣ್ಣಯ್ಯನ ತಾಯಿದು, 70ರ ಆಸುಪಾಸಿನ ಅಜ್ಜಿ. ಅವ್ರಿಗೆ ಈ ಆಪರೇಷನ್ನೇ ಇಷ್ಟ ಇರ್ಲಿಲ್ಲ. ಒಂದು ತಿಂಗಳಿಂದ ಮಗ ಲೋಟದಲ್ಲಿ ಕಟ್ಟು ಕುಡ್ಕೊಂಡು ಕೂತಿದ್ದಾನೆ, ಬಂದೋರೆಲ್ಲ "ಏನಾಯ್ತು ನಿಮ್ ಮಗಂಗೆ, ಕಾಯಿಲೆ ಬಿದ್ದವ್ನಂಗೆ ಆಗವ್ನೆ" ಅಂತಿದ್ದಾರೆ. ಐದನೇ ವಾರ ಮೆತ್ತಗಿರೋದು ಉಣ್ಣಬೋದು ಅಂತ ಸೊಸೆ ಚೀಟಿ ಓದಿ ಹೇಳಿದ್ಲು. 33ನೇ ದಿನ ಅಜ್ಜಿ ನಿಂಬೆಹಣ್ಣಿನ ಗಾತ್ರದ್ದೊಂದು ಮುದ್ದೆ ಕಟ್ಟಿ, ತುಪ್ಪ ಸವರಿ, ಉಪ್ಸಾರು ಹಾಕಿ ಮುಂದಿಟ್ರು.

ಅಣ್ಣಯ್ಯ ಆಸೆಯಿಂದ ಮುರಿದು, ಅದ್ದಿ, ನುಂಗಿದ್ರು. ಮೂರೇ ತುತ್ತು.

ಮಂಡ್ಯ ಕಡೆಯವ್ರಿಗೆ ಇದನ್ನ ವಿವರಿಸೋದೇ ಬೇಡ, ಬೇರೆಯವ್ರಿಗೆ ಹೇಳ್ತೀನಿ, ಮುದ್ದೆನ ಅಗಿಯಲ್ಲ. ತುತ್ತು ಮುರಿದು ಸಾರಲ್ಲಿ ಹೊರಳಿಸಿ ಹಾಗೇ ಇಳಿಸೋದು, ಅಗಿದ್ರೆ ಹಲ್ಲಿಗೆ ಅಂಟುತ್ತೆ, ರುಚೀನೂ ಕೆಡುತ್ತೆ, ಪಕ್ಕದವ್ರು ನಗ್ತಾರೆ. ಹಳೇ ಹೊಟ್ಟೆಗೆ ಅದೇನೂ ಅಲ್ಲ. ಹೊಲಿಗೆ ಹಾಕಿ ತಿಂಗಳಾಗಿರೋ ಕೊಳವೆಗೆ ಮೂರು ಉಂಡೆ ಹಾಗೇ ಬಂದು ಕೂತ್ರೆ ಏನಾಗುತ್ತೋ ಅದಾಯ್ತು. ಎದೆ ಮಧ್ಯೆ ಕಲ್ಲು ಇಟ್ಟಂಗೆ ನೋವು, ಬಾಯಲ್ಲಿ ನೊರೆ ನೊರೆ ಜೊಲ್ಲು, ಬೆವರು, ಆಮೇಲೆ ವಾಂತಿ. ಮನೆಯವ್ರು ಹಾರ್ಟ್ ಅಟ್ಯಾಕ್ ಅಂತ ಹತ್ತಿರದ ಕ್ಲಿನಿಕ್‌ಗೆ ಓಡಿಸಿದ್ರು, ಇಸಿಜಿ ನಾರ್ಮಲ್, ಗ್ಯಾಸ್ ಇಂಜೆಕ್ಷನ್ ಕೊಟ್ಟು ಕಳಿಸಿದ್ರು.

ಸಮಸ್ಯೆ ಶುರುವಾಗಿದ್ದು ಮುದ್ದೆಯಿಂದಲ್ಲ

ಅವತ್ತೇ ನಮಗೊಂದು ಫೋನ್ ಮಾಡಿದ್ರೆ ಅಲ್ಲಿಗೆ ಮುಗೀತಿತ್ತು. ಎರಡು ದಿನ ನೀರಾಗಿರೋದು ಕುಡೀರಿ, ಮತ್ತೆ ಮಿಕ್ಸಿ ಊಟಕ್ಕೆ ಹೋಗಿ, ವಾರ ಬಿಟ್ಟು ಮೊಟ್ಟೆಯಿಂದ ಶುರು ಮಾಡಿ ಅಂತ ಹೇಳ್ತಿದ್ದೆ. ಮಾಡ್ಲಿಲ್ಲ. ಆಮೇಲೆ ಕೇಳಿದಾಗ ಅಣ್ಣಯ್ಯ ತಲೆ ತಗ್ಗಿಸ್ಕೊಂಡು "ಮುದ್ದೆ ಉಂಡೆ ಅಂದ್ರೆ ನೀವು ಬೈತೀರ ಅಂತ" ಅಂದ್ರು. ಬೈತಿದ್ನೋ ಏನೋ, ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ಸ್ವಲ್ಪ ಬೈತಿದ್ದೆ.

ಭಯದಲ್ಲಿ ಅವ್ರು ಗಟ್ಟಿ ಇರೋದೆಲ್ಲಾ ಬಿಟ್ರು. ಎಳನೀರು, ಗಂಜಿ ತಿಳಿ, ನಿಂಬೆ ಪಾನಕ. ಪ್ರೋಟೀನ್ ಪೌಡರ್ ವೆನಿಲಾ ವಾಸನೆಗೆ ವಾಕರಿಕೆ ಅಂತ ಅಟ್ಟಕ್ಕೆ ಹೋಯ್ತು. ವಿಟಮಿನ್ ಮಾತ್ರೆ ದೊಡ್ಡದು, ಅದೂ ಸಿಕ್ಕಾಕ್ಕೊಂಡ್ರೆ ಅಂತ ಅದನ್ನೂ ನಿಲ್ಲಿಸಿದ್ರು. ಆದ್ರೂ ದಿನಾ ಎರಡು ಮೂರು ಸಲ ವಾಂತಿ, ಯಾಕಂದ್ರೆ ಬಾಯಾರಿಕೆಗೆ ಚೊಂಬು ಎತ್ತಿ ಗಟಗಟ ಕುಡಿಯೋ ಅಭ್ಯಾಸ ಹಾಗೇ ಇತ್ತು, ಸಿರಪ್ ಮುಚ್ಚಳದ ಗುಟುಕು ಆಸ್ಪತ್ರೆಲೇ ಉಳ್ಕೊಂಡಿತ್ತು.

42ನೇ ದಿನ ನನ್ನ ಫಾಲೋಅಪ್ ಕಾಲ್. ನಾನು ಕೇಳಿದ ಮೊದಲ ಪ್ರಶ್ನೆ, "ವೇಟ್ ಎಷ್ಟಾಯ್ತು ಅಣ್ಣ?" 104 ಅಂದ್ರು. ಆರು ವಾರಕ್ಕೆ 22 ಕೆಜಿ. ಆ ನಂಬರ್ ಕೇಳಿದ್ಮೇಲೆ ನನ್ನ ತಲೆಗೆ ಬೇರೆ ಪ್ರಶ್ನೆ ಬರ್ಲೇ ಇಲ್ಲ. ಊಟ ಹೇಗಿದೆ ಅಂತ ಕೇಳ್ದೆ, ಪರ್ವಾಗಿಲ್ಲ ಅಂದ್ರು, ಸೂಪರ್ ಅಂದೆ, ಇಟ್ಟೆ. ಎರಡೂವರೆ ನಿಮಿಷದ ಕಾಲ್.

ಅದಾದ್ಮೇಲೆ ಒಂದು ವಾರಕ್ಕೆ ಸುಸ್ತು ಅಂತ ಊರಿನ ಹತ್ರ ಎರಡು ಬಾಟ್ಲಿ ಗ್ಲೂಕೋಸ್ ಹಾಕಿಸ್ಕೊಂಡ್ರು. ಸುಸ್ತಿಗೆ ನಮ್ಮಲ್ಲಿ ಎಲ್ರೂ ಮಾಡೋದು ಅದೇ, ಹಾಕಿದವ್ರನ್ನ ದೂರೋಕೆ ಹೋಗಲ್ಲ. ಆದ್ರೆ ಅದಾಗಿ ಎರಡು ದಿನಕ್ಕೆ ಕಾಲು ಉರಿ, ಜುಮ್ಮು ಜೋರಾಯ್ತು. ಗದ್ದೆ ಬದು ಮೇಲೆ ನಡೀವಾಗ ಓಲಾಡೋಕೆ ಶುರು. ಒಂದು ದಿನ ಮನೆಯಿಂದ ಆಲೆಮನೆಗೆ ನಡ್ಕೊಂಡು ಹೋಗಿ ನೋಡಿದ್ರೆ ಎಡಗಾಲಲ್ಲಿ ಚಪ್ಪಲಿ ಇಲ್ಲ. ಎಲ್ಲಿ ಜಾರ್ತು ಅಂತಾನೇ ಗೊತ್ತಾಗಿರ್ಲಿಲ್ಲ, ಹುಡುಗ ಒಬ್ಬ ಹಿಂದೆಯಿಂದ ಎತ್ಕೊಂಡು ಬಂದು ಕೊಟ್ಟ. ಅದನ್ನ ನೋಡಿ ಹೆಂಡತಿಗೆ ಭಯ ಆಗಿ 54ನೇ ದಿನ ಕರ್ಕೊಂಡು ಬಂದ್ರು. ತೂಕ 99. ರಿಸೆಪ್ಶನ್ ಹುಡುಗಿ ಕೂಡ "ಅಯ್ಯೋ ಎಷ್ಟು ಚೆನ್ನಾಗಿ ಇಳಿದಿದ್ದೀರಾ ಸರ್" ಅಂದ್ಲಂತೆ.

ಆ ದಿನದ ನಿರ್ಧಾರ

ನಮ್ಮ ಸರ್ಜನ್ ಮಾಡಿದ್ದು ಎರಡೇ ಕೆಲಸ ಅನ್ನೋ ಥರ ಕಾಣುತ್ತೆ, ಆದ್ರೆ ಆ ಎರಡರ ಕ್ರಮ ಮುಖ್ಯ. ಚಪ್ಪಲಿ ಕಥೆ ಕೇಳಿದ ತಕ್ಷಣ ಪೆನ್ನು ಹಿಡ್ಕೊಂಡು ಕಣ್ಣಲ್ಲೇ ಫಾಲೋ ಮಾಡಿ ಅಂದ್ರು, ಕಣ್ಣು ಪಕ್ಕಕ್ಕೆ ಹೋದಾಗ ಗುಡ್ಡೆ ಸಣ್ಣಗೆ ನಡುಗ್ತಿತ್ತು. ವಾಂತಿ ಎಷ್ಟು ದಿನದಿಂದ ಅಂತ ಕೇಳಿದ್ರು. ಮೂರು ವಾರ. ನರ್ಸ್ ಡ್ರಿಪ್ ಸೆಟ್ ತರೋಕೆ ಹೊರಟಿದ್ರು, ನಿಲ್ಸಿ ಅಂದ್ರು, ಮೊದ್ಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಮಿಕ್ಕಿದ್ದೆಲ್ಲ. ರಕ್ತದ ರಿಪೋರ್ಟ್ ಬರ್ಲಿ ಅಂತ ಕಾಯ್ಲಿಲ್ಲ.

ಥಯಾಮಿನ್ ಅಂದ್ರೆ ವಿಟಮಿನ್ ಬಿ1. ದೇಹದಲ್ಲಿ ಇದರ ದಾಸ್ತಾನು ಕೆಲವೇ ವಾರಕ್ಕಾಗೋಷ್ಟು. ದಿನಾ ಊಟದಲ್ಲಿ ಬರ್ಬೇಕು, ಬಂದಿದ್ದು ವಾಂತಿಲಿ ಹೋಗ್ಬಾರ್ದು. ಸಕ್ಕರೆ ಅಂಶನ ದೇಹ ಉರಿಸಿ ಶಕ್ತಿ ಮಾಡ್ಕೊಳ್ಳೋಕೆ ಇದು ಬೇಕೇ ಬೇಕು, ಹಾಗಾಗಿ ಬಿ1 ಖಾಲಿ ಇರೋ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದ್ರೆ ಚೂರುಪಾರು ಉಳ್ದಿದ್ದೂ ಖರ್ಚಾಗಿ ನರ, ಮೆದುಳು ಕಷ್ಟಕ್ಕೆ ಸಿಕ್ಕಾಕ್ಕೊಳ್ಳುತ್ತೆ. ಕಣ್ಣು ನಡುಗೋದು, ನಡಿಗೆ ಓಲಾಡೋದು, ಆಮೇಲೆ ಗೊಂದಲ, ಇದು ವರ್ನಿಕೆ ಅನ್ನೋ ಮೆದುಳಿನ ಕಾಯಿಲೆಯ ದಾರಿ, ತಡ ಮಾಡಿದ್ರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗ್ಬೋದು, ಜೀವಕ್ಕೂ ಅಪಾಯ. ಇವ್ರಿಗೆ ಗೊಂದಲ ಇನ್ನೂ ಶುರುವಾಗಿರ್ಲಿಲ್ಲ.

ಬಣ್ಣ ಕುಡಿಸಿ ಎಕ್ಸ್‌ರೇ ಮಾಡಿದ್ರು, ಎಂಡೋಸ್ಕೋಪಿನೂ ಆಯ್ತು, ಕೊಳವೆ ಎಲ್ಲೂ ಕಿರಿದಾಗಿಲ್ಲ, ಸೋರಿಕೆ ಇಲ್ಲ. ಅಂದ್ರೆ ಆಪರೇಷನ್ ಸರಿಯಾಗೇ ಇತ್ತು. ವಾಂತಿ ಬರ್ತಿದ್ದಿದ್ದು ಕುಡಿಯೋ ರೀತಿಗೆ. ಕಣ್ಣಿನ ನಡುಕ ಮೂರು ದಿನದಲ್ಲಿ ಹೋಯ್ತು. ಪಾದದ ಜುಮ್ಮು ಹೋಗೋಕೆ ಏಳು ತಿಂಗಳು ಬೇಕಾಯ್ತು, ಎಡಗಾಲ ಕಿರುಬೆರಳಲ್ಲಿ ಈಗ್ಲೂ ಸ್ವಲ್ಪ ಇದೆ ಅಂತಾರೆ.

ವಾರ್ಡಲ್ಲಿ ಅಜ್ಜಿ ಹೇಳಿದ ಮಾತು

ಅಡ್ಮಿಟ್ ಆದ ಮೂರನೇ ದಿನ ನಾನು ಚೀಟಿ ಹಿಡ್ಕೊಂಡು ಹೋದೆ, ಮನಸ್ಸಲ್ಲಿ ಇನ್ನೂ "ಇಷ್ಟು ಸ್ಪಷ್ಟವಾಗಿ ಬರ್ದಿದ್ರೂ" ಅನ್ನೋ ಸಿಟ್ಟಿತ್ತು. ಮುದ್ದೆ ಯಾಕೆ ಕೊಟ್ರಿ ಅಜ್ಜಿ ಅಂದೆ.

"ನೀನೇ ಮೆತ್ತಗಿರೋದು ಕೊಡಿ ಅಂತ ಬರ್ಕೊಟ್ಟಿದ್ಯಲ್ಲವ್ವ. ಮುದ್ದೆಗಿಂತ ಮೆತ್ತಗಿರೋದು ಇನ್ನೇನೈತೆ? ನಮ್ಮತ್ತೆ ಹಲ್ಲೆಲ್ಲಾ ಉದುರೋದ್ಮೇಲೂ ಹತ್ತು ವರ್ಸ ಮುದ್ದೆ ಉಂಡ್ಳು ಕಣವ್ವ."

ನಂಗೆ ಉತ್ತರ ಹೊಳೀಲಿಲ್ಲ. ಅಜ್ಜಿ ಚೀಟಿಯನ್ನ ಅಕ್ಷರ ಅಕ್ಷರ ಪಾಲಿಸಿದ್ರು. ಕೈಗೆ ಮೆತ್ತಗಿದ್ಯಾ ಅಂತ ಅವ್ರು ನೋಡಿದ್ರು, ಬಾಯಲ್ಲಿ ಪೇಸ್ಟ್ ಆಗುತ್ತಾ ಅಂತ ನಾವು ಹೇಳ್ಬೇಕಿತ್ತು. ಇನ್ನು ಅಗಿದು ತಿನ್ನಿ ಅನ್ನೋ ಸಾಲು ಇತ್ತಲ್ಲ ಅಂದ್ರೆ, ಅಣ್ಣಯ್ಯನೇ ಹೇಳಿದ್ರು, "ಇಡ್ಲಿ ಮೊಟ್ಟೆಗೆ ಅಂತ ಅಂದ್ಕೊಂಡೆ ಮೇಡಂ, ಮುದ್ದೆನ ಯಾರಾದ್ರೂ ಅಗೀತಾರಾ?" ನಾನು ಏನು ತಿಂತೀರಿ ಅಂತ ಕೇಳಿ ಫೈಲ್ ತುಂಬಿಸಿದ್ದೆ, ಹೇಗೆ ತಿಂತೀರಿ ಅಂತ ಕೇಳಿರ್ಲಿಲ್ಲ.

ಏನೇನು ಮಾಡಿ ನೋಡಿದ್ವಿ

ನಮ್ಮ ಟೀಮಲ್ಲಿ ಒಬ್ರು ಮುದ್ದೆ ಜನ್ಮಕ್ಕೂ ಬೇಡ ಅಂತ ಬರ್ದುಬಿಡಿ ಅಂದ್ರು. ಬರ್ದುಬಿಡೋದು ಸುಲಭ. ಆದ್ರೆ ಅವ್ರು ತಿಂದೇ ತಿಂತಾರೆ, ನಮ್ಗೆ ಹೇಳಲ್ಲ ಅಷ್ಟೇ, ಅದನ್ನ ಒಂದು ಸಲ ನೋಡಿ ಆಗಿತ್ತು. ಹಾಗಾಗಿ ಬೇಡ ಅನ್ನೋ ಬದ್ಲು "ಈಗ ಬೇಡ, ಆರು ತಿಂಗಳ ಮೇಲೆ ನಾನೇ ಕೂತು ತಿನ್ನಿಸ್ತೀನಿ" ಅಂದೆ. ಅಜ್ಜಿ ಮುಖ ಅವತ್ತು ಮೊದಲ ಸಲ ಸಡಿಲ ಆಗಿದ್ದು.

ಮೂರೂ ಜನನ್ನ ಕೂರಿಸ್ಕೊಂಡು ಒಂದು ಇಡ್ಲಿ ತರಿಸಿದ್ವಿ. ನಿಮ್ಮ ಮಾಮೂಲಿ ಥರ ತಿನ್ನಿ ಅಂದೆ, ಅರ್ಧ ಇಡ್ಲಿ ಒಂದೇ ನಿಮಿಷಕ್ಕೆ ಹೋಯ್ತು. ಉಳಿದರ್ಧನ ಮಗುಗೆ ಊಡಿಸೋ ಸಣ್ಣ ಚಮಚದಲ್ಲಿ, ತುತ್ತು ಬಾಯಿಗಿಟ್ಟು ಚಮಚ ಕೆಳಗಿಟ್ಟು, 25 ಸಲ ಅಗಿದು, ಮೊಬೈಲ್ ಟೈಮರ್ ಇಟ್ಕೊಂಡು. 14 ನಿಮಿಷ. ಅಷ್ಟಕ್ಕೇ ಹೊಟ್ಟೆ ತುಂಬ್ತು ಅಂತ ಅವ್ರೇ ಆಶ್ಚರ್ಯಪಟ್ರು. ಬಿಕ್ಕಳಿಕೆಯೋ ಮೂಗು ಸೋರೋದೋ ಶುರುವಾಯ್ತು ಅಂದ್ರೆ ಸಾಕು ಅಂತ ಹೊಟ್ಟೆ ಹೇಳ್ತಿದೆ, ಅಲ್ಲಿಗೆ ಕೈ ತೊಳೀರಿ ಅಂತ ಹೇಳಿಕೊಟ್ಟೆ. ಊಟದ ಜೊತೆ ನೀರಿಲ್ಲ, ಊಟ ಆಗಿ ಅರ್ಧ ಗಂಟೆ ಬಿಟ್ಟು ಗುಟುಕು, ದಿನಕ್ಕೆ ಒಂದೂವರೆ ಎರಡು ಲೀಟರ್ ತಲುಪಬೇಕು. ಉಂಡ ತಕ್ಷಣ ಒಂದು ಚೊಂಬು ನೀರು ಕುಡಿದು ಏಳೋ ಮನೆತನಕ್ಕೆ ಇದು ಮುದ್ದೆ ಬಿಡೋದಕ್ಕಿಂತ ಕಷ್ಟ ಆಯ್ತು. ಹೆಂಡತಿ ಊಟದ ಹೊತ್ತಿಗೆ ಚೊಂಬನ್ನ ಎತ್ತಿ ಒಳಗೆ ಇಡೋಕೆ ಶುರು ಮಾಡಿದ್ರು.

ಪ್ರೋಟೀನ್ ಗುರಿ ದಿನಕ್ಕೆ 60ರಿಂದ 70 ಗ್ರಾಂ. ಪೌಡರ್ ಕುಡಿಯಲ್ಲ ಅನ್ನೋರಿಗೆ ಅದನ್ನೇ ಹೇಳಿ ಪ್ರಯೋಜನ ಇಲ್ಲ. ಎರಡು ಮೊಟ್ಟೆ ಅಂದ್ರೆ 12 ಗ್ರಾಂ, ಕಾಲು ಲೀಟರ್ ಹಾಲಿಗೆ 8, ಅರ್ಧ ಲೀಟರ್ ಮಾಡಿದ್ರೆ 16. ಮಜ್ಜಿಗೆಗೆ ಹುರಿಗಡಲೆ ಪುಡಿ ಎರಡು ಚಮಚ ಕದಡಿದ್ರೆ ಇನ್ನೊಂದು 5. ಅಷ್ಟರಲ್ಲಿ ಡಿಸೆಂಬರ್ ಬಂತು, ಸೊಗಡಿನ ಅವರೆಕಾಯಿ ಕಾಲ, ಇದು ನಿಜವಾಗ್ಲೂ ಅದೃಷ್ಟ. ಹಿತ್ಕಿದ ಬೇಳೆ ಅಂದ್ರೆ ಸಿಪ್ಪೆ ಇಲ್ಲ, ಬೆಂದ್ರೆ ಬೆಣ್ಣೆ, ಪ್ರೋಟೀನ್ ಇದೆ, ಅಜ್ಜಿ ಹಿತುಕಿ ಹಿತುಕಿ ರಾಶಿ ಹಾಕಿದ್ರು. ಮಗನಿಗೆ ಮಾಡಿ ಹಾಕೋಕೆ ಏನೋ ಒಂದು ಸಿಕ್ತಲ್ಲ ಅನ್ನೋ ಸಮಾಧಾನ ಅವ್ರಿಗೆ. ಅವರೆ ಮುಗಿದ್ಮೇಲೆ ಮೊಳಕೆ ಹುರುಳಿ, ಬೇಯಿಸಿ ಅರ್ಧ ಮಸೆದದ್ದು. ಕೈಮಾ ನಾಲ್ಕನೇ ತಿಂಗಳು. ಬೀಗರೂಟಕ್ಕೆ ಹೋದಾಗ ಮಟನ್ ಪೀಸ್ ಬಿಟ್ಟು ಲಿವರ್ ಮಾತ್ರ ಎರಡು ಚೂರು ತಿಂದು ಬಂದೆ ಅಂತ ಫೋನ್ ಮಾಡಿ ಹೇಳಿದ್ರು, ಬೀಗರು ಬೇಜಾರು ಮಾಡ್ಕೊಂಡ್ರಂತೆ.

ವಿಟಮಿನ್‌ನ ಅಗಿಯೋ ಮಾತ್ರೆ ಮತ್ತೆ ಸಿರಪ್‌ಗೆ ಬದಲಾಯಿಸಿದ್ವಿ, ಬಿ12 ಇಂಜೆಕ್ಷನ್, ಕ್ಯಾಲ್ಸಿಯಂಗೂ ಐರನ್‌ಗೂ ಮಧ್ಯೆ ಎರಡು ಗಂಟೆ, ಐರನ್ ಮಾತ್ರೆ ಟೀ ಜೊತೆ ನುಂಗಬಾರ್ದು. ಪಿತ್ತದ ಕಲ್ಲು ಆಗದಂಗೆ ಆರು ತಿಂಗಳು ಮಾತ್ರೆ. ನಾಲ್ಕನೇ ತಿಂಗಳು ಕೂದಲು ಉದುರೋಕೆ ಶುರುವಾಯ್ತು, ಅದು ಬೇಗ ತೂಕ ಇಳಿದವ್ರಿಗೆ ಸಾಮಾನ್ಯ, ಹೆಚ್ಚಿನವ್ರಿಗೆ ವಾಪಸ್ ಬರುತ್ತೆ. "ಉದುರೋಕೆ ಇರೋದೇ ಇಷ್ಟು ಮೇಡಂ" ಅಂತ ತಲೆ ಸವರಿಕೊಂಡ್ರು.

ಎರಡನೇ ತಿರುವು, ಎಂಟನೇ ತಿಂಗಳು

ಐದನೇ ತಿಂಗಳಿಂದ ಆಲೆಮನೆ ಕೆಲಸಕ್ಕೆ ಮತ್ತೆ ಇಳಿದ್ರು. ಏಳನೇ ತಿಂಗಳಿಗೆ ತೂಕ 88, ಎಚ್‌ಬಿಎ1ಸಿ 6.2. ಎಂಟನೇ ತಿಂಗಳು 88 ಇದ್ದಿದ್ದು 91. ಜೊತೆಗೆ ಹೊಸದೊಂದು, ಬೆಳಗ್ಗೆ ಹನ್ನೊಂದೂವರೆ ಹೊತ್ತಿಗೆ ಕೈ ನಡುಕ, ಬೆವರು, ಕಣ್ಣು ಕತ್ತಲೆ. ಒಂಬತ್ತು ವರ್ಷ ಶುಗರ್ ಜೊತೆ ಬಾಳಿದವ್ರಿಗೆ ಇದೇನು ಅಂತ ಗೊತ್ತು, ಲೋ ಶುಗರ್. ಔಷಧಾನೂ ಗೊತ್ತು, ಒಂದು ತುಂಡು ಬೆಲ್ಲ. ಆಲೆಮನೇಲಿ ಬೆಲ್ಲಕ್ಕೇನು ಬಡತನ? ಹಾಕ್ಕೊಂಡ ಹತ್ತು ನಿಮಿಷಕ್ಕೆ ಸರಿ ಹೋಗೋದು, ಮತ್ತೆ ಮಧ್ಯಾಹ್ನ ಎರಡಕ್ಕೆ ಅದೇ ಕಥೆ.

ಈ ಸಲ ಅವ್ರೇ ಫೋನ್ ಮಾಡಿದ್ರು. ಬೈಸಿಕೊಳ್ಳೋ ಭಯ ಹೋಗಿತ್ತು ಅನ್ನೋದು ನನಗೆ ಆ 91ಕ್ಕಿಂತ ದೊಡ್ಡ ನಂಬರ್.

ಡಾಕ್ಟ್ರು ಮೊದಲು ಕೇಳಿದ್ದು ಹಳೇ ಶುಗರ್ ಮಾತ್ರೆ ಏನಾದ್ರೂ ಮನೇಲಿ ಉಳಿದು ನುಂಗ್ತಿದ್ದಾರಾ ಅಂತ. ಇಲ್ಲ. ಊಟದ ಡೈರಿ ತರಿಸಿದೆ. ಹೆಂಡತಿ ನೀಟಾಗಿ ಬರ್ದಿದ್ರು, ಮೊಟ್ಟೆ, ರಾಗಿ ದೋಸೆ ಅರ್ಧ, ಹುರುಳಿ, ಮೊಸರು. ಲೆಕ್ಕ ಹಾಕಿದ್ರೆ 900 ಕ್ಯಾಲೊರಿ ದಾಟಲ್ಲ. ಇದ್ರಲ್ಲಿ ತೂಕ ಏರೋಕೆ ಸಾಧ್ಯಾನೇ ಇಲ್ಲ. ಸುಳ್ಳು ಬರ್ದಿದ್ದಾರೆ ಅಂತ ಅನ್ಕೊಳ್ಳೋದು ಈ ಕೆಲಸದಲ್ಲಿ ಬಹಳ ಸುಲಭ, ನಾನೂ ಅರ್ಧ ದಿನ ಹಾಗೇ ಅನ್ಕೊಂಡೆ. ಆಮೇಲೆ ಅಜ್ಜಿ ಮಾತು ನೆನಪಾಯ್ತು. ಊಟ ಬಿಡಿ, ನಿಮ್ಮ ಬೆಳಗಿನ ಕೆಲಸ ಹೇಳಿ ಅಂದೆ, ಎದ್ದಾಗಿನಿಂದ.

ಗಾಣ ಶುರುವಾದ್ರೆ ಮೊದಲ ಕಬ್ಬಿನ ಹಾಲು ಒಂದು ಲೋಟ, ಅದು ಅಪ್ಪನ ಕಾಲದಿಂದ ಬಂದ ಪದ್ಧತಿ. ಆಮೇಲೆ ಕೊಪ್ಪರಿಗೆ. ಹದ ಬಂತಾ ಅಂತ ಪಾಕನ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡ್ತಾರೆ.

"ನೋಡಿದ್ಮೇಲೆ ಆ ಉಂಡೆ ಏನ್ಮಾಡ್ತೀರಿ?"

"ಬಾಯಿಗ್ ಹಾಕ್ಕೋತೀನಿ. ಮತ್ತೇನ್ ಬಿಸಾಕ್ತಾರಾ ಮೇಡಂ?"

ಒಂದೊಂದು ಅಡಿಗೆಗೆ, ಅಂದ್ರೆ ಒಂದೊಂದು ಕೊಪ್ಪರಿಗೆ ಬೆಲ್ಲ ಕಾಯಿಸೋದಕ್ಕೆ, ನಾಲ್ಕೈದು ಸಲ ಹದ ನೋಡೋದು, ದಿನಕ್ಕೆ ಎಷ್ಟೋ ಅಡಿಗೆ. ಡೈರಿಲಿ ಒಂದೂ ಇಲ್ಲ. ಹೆಂಡತಿಗೆ ಗೊತ್ತಿರ್ಲಿಲ್ಲ, ಅಣ್ಣಯ್ಯನಿಗೆ ಅದು ತಿನ್ನೋದು ಅಂತ ಅನ್ನಿಸಿರ್ಲಿಲ್ಲ. ಅದು ಕೆಲಸ.

ಗ್ಲೂಕೋಮೀಟರ್‌ನ ಆಲೆಮನೆಗೆ ತಗೊಂಡು ಹೋಗಿ ಅಂದೆ, ಒಂದು ದಿನ ನಾನು ಹೇಳಿದ ಹೊತ್ತಿಗೆ ಬೆರಳು ಚುಚ್ಚಿ ನೋಡಿದ್ರು. ಒಂಬತ್ತೂವರೆಗೆ ಕಬ್ಬಿನ ಹಾಲು, ಹತ್ತು ಗಂಟೆಗೆ 212, ಹನ್ನೊಂದೂವರೆಗೆ 54. ಒಂದು 200 ಎಂಎಲ್ ಲೋಟ ಕಬ್ಬಿನ ಹಾಲಲ್ಲಿ ಸಕ್ಕರೆ 25ರಿಂದ 30 ಗ್ರಾಂ ಇರುತ್ತೆ, ಗಟ್ಟಿ ಊಟಕ್ಕೆ ತಡೆ ಹಾಕೋ ಸ್ಲೀವ್ ನೀರಾಗಿರೋದಕ್ಕೆ ತಡೆ ಹಾಕಲ್ಲ, ಸರ್ ಅಂತ ಕರುಳಿಗೆ ಇಳಿದು ಶುಗರ್ ಒಂದೇ ಸಲ ಮೇಲೆ ಹೋಗುತ್ತೆ, ಅದಕ್ಕೆ ದೇಹ ಅತಿಯಾಗಿ ಇನ್ಸುಲಿನ್ ಬಿಟ್ಟು ಒಂದೆರಡು ಗಂಟೆಲಿ ನೆಲ ಕಚ್ಚುತ್ತೆ. ಲೇಟ್ ಡಂಪಿಂಗ್ ಅಂತಾರೆ, ಗ್ಯಾಸ್ಟ್ರಿಕ್ ಬೈಪಾಸ್ ಅನ್ನೋ ಇನ್ನೊಂದು ಥರದ ಹೊಟ್ಟೆ ಆಪರೇಷನ್ ಆದವ್ರಲ್ಲಿ ಜಾಸ್ತಿ, ಸ್ಲೀವ್‌ನಲ್ಲೂ ಆಗುತ್ತೆ. ಆ ಕುಸಿತಕ್ಕೆ ಬರೀ ಬೆಲ್ಲ ಹಾಕಿದ್ರೆ ಮತ್ತೊಂದು ಏರು, ಮತ್ತೊಂದು ಇಳಿ. ಬೆಲ್ಲದಿಂದ ಬಂದಿದ್ದಕ್ಕೆ ಬೆಲ್ಲಾನೇ ಮದ್ದು ಅಂತ ದಿನಾ ಗಾಣದ ಎತ್ತಿನ ಥರ ಸುತ್ತುತಾ ಇದ್ರು.

ಆ ಎರಡು ನಂಬರ್ ಅವ್ರ ಕೈಬರಹದಲ್ಲೇ ಇತ್ತು, ನಾನು ಭಾಷಣ ಮಾಡೋದು ಉಳೀತು. ಕಬ್ಬಿನ ಹಾಲಿನ ಮೊದಲ ಲೋಟ ಮಗನಿಗೆ ಕೊಟ್ರು. ಹದ ನೋಡಿದ ಉಂಡೆಗಳಿಗೆ ನೀರಿನ ಬೋಸಿ ಪಕ್ಕ ಒಂದು ತಟ್ಟೆ ಇಟ್ರು, ಸಂಜೆ ಅದನ್ನ ಮತ್ತೆ ಕೊಪ್ಪರಿಗೆಗೇ ಹಾಕೋದು. 54 ಬಂದ ಹೊತ್ತಲ್ಲಿ ಬೆಲ್ಲ ಮುಟ್ಲೇಬಾರ್ದು ಅಂತ ಹೇಳೋಕಾಗಲ್ಲ, ಅದು ಅಪಾಯ, ಆಗ ಸಣ್ಣ ಚೂರು ಹಾಕ್ಕೊಂಡು ಸ್ವಲ್ಪ ಚೇತರಿಸ್ಕೊಂಡ ಮೇಲೆ ಒಂದು ಮೊಟ್ಟೆನೋ ಒಂದು ಹಿಡಿ ಕಡ್ಲೆಬೀಜನೋ ನಿಧಾನಕ್ಕೆ ಅಗಿದು ತಿನ್ಬೇಕು. ಮೂರು ವಾರ ಆದ್ಮೇಲೆ ನಡುಕ ಬರ್ಲಿಲ್ಲ.

ನಮ್ಮಲ್ಲಿ ಬದಲಾಗಿದ್ದು

ಚೀಟಿಯಿಂದ "ಮೆತ್ತಗಿನ ಆಹಾರ" ತೆಗೆದ್ವಿ, "ಇತ್ಯಾದಿ"ನೂ ತೆಗೆದ್ವಿ. ಈಗ ತಿನ್ಬಹುದಾದ್ದರ ಪಕ್ಕ ನುಂಗೋ ಊಟ ಅಂತ ಬೇರೆ ಕಾಲಂ ಇದೆ, ಅದ್ರಲ್ಲಿ ಮುದ್ದೆ ಮೊದಲು. ಫೋನ್ ಕಾಲಲ್ಲಿ ವಾಂತಿ ಎಷ್ಟು ಸಲ, ನೀರು ಎಷ್ಟು, ಮಾತ್ರೆ ಹೊಟ್ಟೇಲಿ ನಿಲ್ತಿದ್ಯಾ, ಕಾಲು ಜುಮ್ಮು ಇದ್ಯಾ, ಇದೆಲ್ಲಾ ಮುಗಿದು ಕೊನೇಲಿ ತೂಕ. ಎರಡು ಮೂರು ದಿನಕ್ಕಿಂತ ಜಾಸ್ತಿ ವಾಂತಿ ಅಂದ್ರೆ ಅವತ್ತೇ ಬನ್ನಿ ಅಂತೀವಿ, ಮತ್ತೆ ಎಲ್ಲೇ ಡ್ರಿಪ್ ಹಾಕಿಸ್ಕೊಂಡ್ರೂ ತೋರಿಸೋಕೆ ಅಂತ "ಹೊಟ್ಟೆ ಆಪರೇಷನ್ ಆಗಿದೆ, ಮೊದಲು ಥಯಾಮಿನ್" ಅಂತ ಒಂದು ಕಾರ್ಡ್ ಪರ್ಸಿಗೆ ಹಾಕಿ ಕಳಿಸ್ತೀವಿ. ಡಿಸ್ಚಾರ್ಜ್ ದಿನ ಅಡುಗೆ ಮಾಡೋರು ಬರ್ಲೇಬೇಕು, ಸಹಿ ಹಾಕೋರಲ್ಲ.

ಹೇಗೆ ತಿಂತೀರಿ ಅಂತ ಕೇಳೋಕೆ ಶುರು ಮಾಡಿದ್ಮೇಲೆ ಗೊತ್ತಾಗ್ತಿರೋದು ಬೇರೆ ಬೇರೆ. ಮಂಗಳೂರು ಕಡೆಯ ಒಬ್ಬರಿಗೆ ಕುಚ್ಚಲಕ್ಕಿ ಗಂಜಿ ಊಟ, ಅದ್ರಲ್ಲಿ ಅನ್ನ ನೀರು ಒಟ್ಟಿಗೇ ಹೋಗುತ್ತೆ, ಊಟದ ಜೊತೆ ನೀರು ಬೇಡ ಅನ್ನೋ ನನ್ನ ಮಾತಿಗೆ ಅವ್ರು ತಲೆ ಆಡಿಸಿ ಗಂಜಿ ಕುಡೀತಿದ್ರು. ಗದಗ ಕಡೆಯವ್ರು ಒಬ್ರು ರೊಟ್ಟಿ ಬಿಟ್ಟು ಅನ್ನಕ್ಕೆ ಬಂದು ಕಷ್ಟಪಡ್ತಿದ್ರು, ಮೂರು ತಿಂಗಳಾಗಿದ್ದಕ್ಕೆ ಬಿಸಿ ಜೋಳದ ರೊಟ್ಟಿನ ಸಾರಲ್ಲಿ ನೆನೆಸಿ ಅಗಿದು ತಿನ್ನಿ ಅಂದೆ, ಅದೇ ಅವ್ರಿಗೆ ಸಲೀಸಾಯ್ತು.

ಅಣ್ಣಯ್ಯನಿಗೆ ಈಗ ಆಪರೇಷನ್ ಆಗಿ ಒಂದೂವರೆ ವರ್ಷ. 84 ಕೆಜಿ, ಇನ್ಸುಲಿನ್ ಇಲ್ಲ, ಮಂಡಿ ನೋವು ಕಮ್ಮಿ, ಗೊರಕೆ ಇಲ್ಲದ ಮನೇಲಿ ಹೆಂಡತಿ ನಿದ್ದೆ ಮಾಡ್ತಾರೆ. ಕೊಟ್ಟ ಮಾತಿನಂಗೆ ಮುದ್ದೆ ತಿನ್ನಿಸೋ ದಿನಾನೂ ಬಂತು, ಆರು ತಿಂಗಳು ಅಂದಿದ್ದು ಹತ್ತಾಯ್ತು. ಅಜ್ಜಿ ಟಿಫನ್ ಬಾಕ್ಸಲ್ಲಿ ಕಟ್ಕೊಂಡು ಓಪಿಡಿಗೇ ತಂದಿದ್ರು, ಅಡಿಕೆ ಗಾತ್ರದ ನಾಲ್ಕು ಚೂರು, ಸೊಪ್ಪಿನ ಸಾರು ಬೇರೆ ಡಬ್ಬೀಲಿ. ಅಣ್ಣಯ್ಯ ಒಂದು ಚೂರು ಬಾಯಿಗಿಟ್ಟು ಟೈಮರ್ ನೋಡ್ಕೊಂಡು ಅಗಿಯೋಕೆ ಶುರು ಮಾಡಿದ್ರು. ಹಲ್ಲಿಗೆಲ್ಲಾ ಅಂಟ್ಕೊಂಡಿತ್ತು. ಅಜ್ಜಿ ಅದನ್ನ ನೋಡಲಾರದೆ ಕಿಟಕಿ ಕಡೆ ತಿರುಗಿ ಕೂತ್ರು.